ಕಂಪ್ಯೂಟರ್‌ನಲ್ಲಿ ಕಟ್ಟಿದ ಮನೆಗೆ ಸಿಮೆಂಟ್ ಎಷ್ಟು ಮೂಟೆ?

ಮನೆ ಕಟ್ಟೋರ ಪ್ರಶ್ನೆಗಳಿಗೆ ಉತ್ತರ ಕೊಡೋ ಈ ಅಂಕಣಕ್ಕೆ ಈಚೆಗೆ ಹಾಸನ, ಚಿಕ್ಕಮಗ್ಳೂರು ಕಡೆಯಿಂದ ಒಂದೇ ಥರದ ಪತ್ರಗಳು ಬರ್ತಾ ಇವೆ. ಮಗನೋ ಮಗಳೋ ಕಂಪ್ಯೂಟರಲ್ಲಿ ಮನೆ ಮಾಡೆಲ್ ಮಾಡಿರ್ತಾರೆ, ಅದ್ರಿಂದ ಇಟ್ಟಿಗೆ ಸಿಮೆಂಟ್ ಲೆಕ್ಕ ತೆಗೆದಿರ್ತಾರೆ, ಮೇಸ್ತ್ರಿ ಹೇಳೋದಕ್ಕೂ ಅದಕ್ಕೂ ತಾಳೆ ಆಗ್ತಿಲ್ಲ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷ್ಯ.

ಪ್ರಶ್ನೆ: ಮೇಡಂ ನಮಸ್ತೆ. ಹಾಸನದಲ್ಲಿ 30-40 ಸೈಟಲ್ಲಿ ಮನೆ ಕಟ್ಟಿಸ್ತಾ ಇದೀವಿ, ಗ್ರೌಂಡ್ ಫ್ಲೋರ್ ಮಾತ್ರ, 34 ಅಡಿ ಉದ್ದ 26 ಅಡಿ ಅಗಲ, ಗೋಡೆ ಎತ್ತರ 10 ಅಡಿ. ಮಗ ಸ್ಕೆಚ್‌ಅಪ್ ಅನ್ನೋ 3ಡಿ ಡಿಸೈನ್ ಸಾಫ್ಟ್‌ವೇರಲ್ಲಿ ಪೂರ್ತಿ ಮಾಡೆಲ್ ಮಾಡಿದಾನೆ. ಗೋಡೆಗಳ ವಾಲ್ಯೂಮ್ ಎಲ್ಲಾ ಕೂಡಿಸಿದ್ರೆ 26 ಘನ ಮೀಟರ್ ತೋರಿಸತ್ತೆ, ಒಂದು 6 ಇಂಚು ಸಾಲಿಡ್ ಬ್ಲಾಕ್‌ಗೆ 0.012 ಘನ ಮೀಟರ್ ಅಂತ ಭಾಗಿಸಿದ್ರೆ 2170 ಬ್ಲಾಕ್ ಬರತ್ತೆ, ಆದ್ರೆ ನಮ್ ಮೇಸ್ತ್ರಿ 1700 ಸಾಕು ಅಂತಾರೆ. ಮೋಲ್ಡ್, ಅಂದ್ರೆ ಕಾಂಕ್ರೀಟ್ ಚಾವಣಿ ವಿಷ್ಯಕ್ಕೆ ಬಂದ್ರೆ ಉಲ್ಟಾ, 5 ಇಂಚು ದಪ್ಪಕ್ಕೆ ಮಾಡೆಲ್ ಲೆಕ್ಕದಲ್ಲಿ 54 ಮೂಟೆ ಸಿಮೆಂಟ್ ಬರತ್ತೆ, ಮೇಸ್ತ್ರಿ 95 ಮೂಟೆ ತರಿಸಿ ಅಂತಾರೆ. ನಮಗೆ ಮೋಸ ಆಗ್ತಾ ಇದೆಯಾ? ಮನೇಲಿ ಇದೇ ಜಗಳ ಆಗಿಬಿಟ್ಟಿದೆ.
ಓದುಗರು, ಹಾಸನ

ಉತ್ತರ: ಮೊದ್ಲು ಜಗಳ ನಿಲ್ಲಿಸಿ ಸರ್, ನಿಮ್ಮ ಮೇಸ್ತ್ರಿ ಮೋಸ ಮಾಡ್ತಿಲ್ಲ. ನಿಮ್ಮ ಮಗನೂ ಲೆಕ್ಕ ತಪ್ಪಿಲ್ಲ, ಕೂಡಿ ಭಾಗಿಸಿದ್ದು ಎಲ್ಲಾ ಸರಿಯಾಗೇ ಇದೆ. ಮಾಡೆಲ್ ಹೇಳೋದು ನೀವು ಬರೆದ ಆಕಾರದ ಅಳತೆ, ಅಂಗಡಿಯಿಂದ ತರಬೇಕಾದ ಸಾಮಾನಿನ ಅಳತೆ ಅದಲ್ಲ. ಅಲ್ಲಿಂದ ಇಲ್ಲಿಗೆ ಬರಕ್ಕೆ ನಾಲ್ಕೈದು ಮೆಟ್ಲು ಇಳೀಬೇಕು, ಅದನ್ನ ಸಾಫ್ಟ್‌ವೇರ್ ಮಾಡಲ್ಲ, ನಾವೇ ಮಾಡ್ಬೇಕು.

ನೀವು ಕಳಿಸಿದ ಪ್ಲಾನ್ ಇಟ್ಕೊಂಡು ಕೂತು ಲೆಕ್ಕ ಹಾಕಿದೆ. ಮಾಡೆಲ್‌ನಲ್ಲಿ ಹೊರಗಿನ ಗೋಡೆ ಸುತ್ತಳತೆ 120 ಅಡಿ, ಒಳಗಿನ ಗೋಡೆಗಳು ಒಟ್ಟು 64 ಅಡಿ, ಅಂದ್ರೆ 184 ಅಡಿ ಆಯ್ತು. ಆದ್ರೆ ನಾಲ್ಕು ಮೂಲೇಲಿ ಎರಡೆರಡು ಗೋಡೆ ಒಂದೇ ಜಾಗದಲ್ಲಿ ಕೂತಿವೆ, ಒಳಗೋಡೆಗಳ ತುದಿ ಹೊರಗೋಡೆ ಒಳಗೆ ಅರ್ಧ ನುಗ್ಗಿದೆ. ಬೇರೆ ಬೇರೆ ಗ್ರೂಪ್ ಮಾಡಿ ಒಂದರ ಮೇಲೊಂದು ಕೂರಿಸಿದ್ರೆ ಸ್ಕೆಚ್‌ಅಪ್ ಎರಡನ್ನೂ ಪೂರ್ತಿ ಲೆಕ್ಕ ಹಾಕತ್ತೆ, ಆ ಜಾಗ ಎರಡು ಸಲ ಬಂದುಬಿಡತ್ತೆ. ಗೋಡೆ ಮಧ್ಯದ ಗೆರೆ ಹಿಡಿದು ಅಳೆದ್ರೆ, ನಾವು ಸೆಂಟರ್ ಲೈನ್ ಅಂತೀವಲ್ಲ ಅದು, 180 ಅಡಿ ಬರತ್ತೆ. ಬರೀ 4 ಅಡಿ ವ್ಯತ್ಯಾಸ, ಆದ್ರೂ ಅದ್ರಲ್ಲೇ 47 ಬ್ಲಾಕ್ ಹೋಯ್ತು.

ದೊಡ್ಡ ತಪ್ಪು ಇರೋದು ಬಾಗ್ಲು ಕಿಟಕಿಯಲ್ಲಿ. ಸ್ಕೆಚ್‌ಅಪ್‌ನಲ್ಲಿ ರೆಡಿ ಬಾಗ್ಲನ್ನ ತಂದು ಗೋಡೆಗೆ ಅಂಟಿಸಿದ್ರೆ ಅದು ಅಂಟಿದ ಕಡೆ ಮುಖ ಮಾತ್ರ ಕೊರೆಯತ್ತೆ, ಹಿಂದಿನ ಮುಖ ಹಾಗೇ ಇರತ್ತೆ, ಹೊರಗಿಂದ ನೋಡಿದ್ರೆ ಬಾಗ್ಲು ಕೂತ ಹಾಗೆ ಕಾಣತ್ತೆ ಅಷ್ಟೇ. ಮಾಡೆಲನ್ನ ತಿರುಗಿಸಿ ಮನೆ ಒಳಗಿಂದ ನೋಡಕ್ಕೆ ಮಗನಿಗೆ ಹೇಳಿ, ಬಾಗ್ಲಿನ ಹಿಂದೆ ಇಡೀ ಗೋಡೆ ನಿಂತಿರತ್ತೆ. ಅದನ್ನ ಆಚೆ ಈಚೆ ಪೂರ್ತಿ ತೂತು ಮಾಡಿದ್ರೆ ಮಾತ್ರ ವಾಲ್ಯೂಮ್ ಕಮ್ಮಿ ಆಗತ್ತೆ. ನಿಮ್ಮ ಮನೇಲಿ ಮುಂಬಾಗ್ಲು, ರೂಮು ಬಾತ್‌ರೂಮ್ ಬಾಗ್ಲು, 5 ಕಿಟಕಿ, ವೆಂಟಿಲೇಟರ್ ಎಲ್ಲಾ ಸೇರಿ ಸುಮಾರು 228 ಚದರಡಿ, ಅದೇ 270 ಬ್ಲಾಕ್! ಆಮೇಲೆ 7 ಅಡಿ ಎತ್ತರದಲ್ಲಿ ಸುತ್ತ ಹಾಕೋ 6 ಇಂಚು ಲಿಂಟಲ್ ಕಾಂಕ್ರೀಟಿಂದು, ಬ್ಲಾಕ್ ಅಲ್ಲ, ಅಲ್ಲಿ 106 ಬ್ಲಾಕ್ ಉಳೀತು. ಕೊನೇದು ಸಂದಿ. ಬ್ಲಾಕಿಗೂ ಬ್ಲಾಕಿಗೂ ಮಧ್ಯೆ 10 ಮಿಲಿಮೀಟರ್ ಗಾರೆ ಇರತ್ತಲ್ಲ, ಅದನ್ನೂ ಸೇರಿಸಿದ್ರೆ 100 ಚದರಡಿ ಗೋಡೆಗೆ 108 ಬ್ಲಾಕ್ ಬರತ್ತೆ. ನಿಮ್ಮದು ಎಲ್ಲಾ ಕಳೆದು ಉಳಿಯೋದು 1482 ಚದರಡಿ, ಅಂದ್ರೆ 1600 ಬ್ಲಾಕ್, ಇಳಿಸುವಾಗ ಒಡೆಯೋದು ಕಡಿಯೋದು ಅಂತ ನೂರಕ್ಕೆ ಐದು ಸೇರಿಸಿದ್ರೆ 1680. ನಿಮ್ಮ ಮೇಸ್ತ್ರಿ 1700 ಅಂದಿದಾರೆ. ಅವ್ರು ಪೇಪರ್ ಪೆನ್ನು ಮುಟ್ಟದೇ ಹೇಳಿರ್ತಾರೆ, ಅಂಥವ್ರನ್ನ ಬಿಡ್ಬೇಡಿ.

ಈಗ ಮೋಲ್ಡ್. ಇಲ್ಲಿ ಮಾಡೆಲ್ ಕಮ್ಮಿ ತೋರಿಸ್ತು, ಯಾಕೆ ಅಂತ ಅರ್ಥ ಆಗ್ಬೇಕು ಅಂದ್ರೆ ಸೈಟಲ್ಲಿ ಒಂದು ಕೆಲ್ಸ ಮಾಡಿ. ಒಂದು ಬಾಂಡ್ಲಿ ತುಂಬಾ 20 ಎಂಎಂ ಜಲ್ಲಿ ತಗೊಂಡು ಅಂಚಿಗೆ ಸಮ ಮಾಡಿ, ಆಮೇಲೆ ಮಗ್ಗಲ್ಲಿ ಅಳೆದು ಅಳೆದು ನೀರು ಹಾಕಿ. ಬಾಂಡ್ಲಿ ತುಂಬಿದೆ ಅಂತ ಕಣ್ಣಿಗೆ ಕಾಣತ್ತೆ, ಆದ್ರೂ ಹೆಚ್ಚುಕಮ್ಮಿ ಅರ್ಧ ಬಾಂಡ್ಲಿಗೆ ಹತ್ರ ನೀರು ಒಳಗೆ ಇಳಿಯತ್ತೆ. ಅಷ್ಟೂ ಕಲ್ಲಿನ ಸಂದಿ. ಕಾಂಕ್ರೀಟ್ ಕಲಸಿದಾಗ ಆ ಸಂದಿಗೆ ಮರಳು ಹೋಗತ್ತೆ, ಮರಳಿನ ಸಂದಿಗೆ ಸಿಮೆಂಟ್ ಹೋಗತ್ತೆ, ಹಾಗಾಗಿ ಒಣಗಿದ ಸಾಮಾನು ಒಂದೂವರೆ ಪಟ್ಟು ಹಾಕಿದ್ರೆ ಒಂದು ಪಾಲು ಕಾಂಕ್ರೀಟ್ ಸಿಗತ್ತೆ. ನಮ್ಮ ಲೆಕ್ಕದಲ್ಲಿ ಅದನ್ನ 1.54 ಅಂತ ಹಿಡೀತೀವಿ. ಮಾಡೆಲ್ ತೋರಿಸೋದು ಗಟ್ಟಿಯಾದ ಮೇಲಿನ ಅಳತೆ.

ನಿಮ್ಮ ಮೋಲ್ಡ್ 34 ಗುಣಿಸು 26, 884 ಚದರಡಿ, 5 ಇಂಚು ದಪ್ಪ, 368 ಘನ ಅಡಿ. ಅದನ್ನ ನೇರ 1:1½:3 ಗೆ, ಅಂದ್ರೆ ಒಂದು ಪಾಲು ಸಿಮೆಂಟ್, ಒಂದೂವರೆ ಮರಳು, ಮೂರು ಜಲ್ಲಿ ಅಂತ ಹಂಚಿದ್ರೆ ನಿಮ್ಮ 54 ಮೂಟೆ ಬರತ್ತೆ. 1.54 ರಿಂದ ಗುಣಿಸಿದ್ರೆ 567 ಘನ ಅಡಿ, ಅದನ್ನ 5.5 ಪಾಲು ಮಾಡಿದ್ರೆ ಸಿಮೆಂಟ್ 103 ಘನ ಅಡಿ, ಮೂಟೆಗೆ ಒಂದೂಕಾಲು ಘನ ಅಡಿ ಅಂದ್ರೆ 83 ಮೂಟೆ. ಮರಳು 155, ಜಲ್ಲಿ 310 ಘನ ಅಡಿ. ಉಳಿದ 12 ಮೂಟೆ ಎಲ್ಲಿ ಹೋಯ್ತು ಅಂತೀರಾ, ಮಾಡೆಲ್‌ನಲ್ಲಿ ಮೋಲ್ಡ್ ಕೆಳಗಿನ ಬೀಮೇ ಇಲ್ಲ! ನಿಮ್ಮ ಎಂಜಿನಿಯರ್ ಡ್ರಾಯಿಂಗಲ್ಲಿ ಸುಮಾರು 100 ಅಡಿ ಬೀಮ್ ಇದೆ, 8 ಇಂಚು ಅಗಲ, ಮೋಲ್ಡಿಂದ ಕೆಳಗೆ 10 ಇಂಚು ಇಳಿಯತ್ತೆ, ಅದು 56 ಘನ ಅಡಿ, ಅದಕ್ಕೇ 12 ಮೂಟೆ. 83 ಕ್ಕೆ 12 ಸೇರಿಸಿ ನೋಡಿ.

ಇದಕ್ಕಿಂತ ನನಗೆ ಜಾಸ್ತಿ ಚಿಂತೆ ಆಗಿದ್ದು ಬೇರೆ. ನಿಮ್ಮ ಮಾಡೆಲ್ ನೆಲದ ಮಟ್ಟದಿಂದ ಶುರು ಆಗತ್ತೆ, ಪಾಯ ಇಲ್ಲ, ಸಂಪ್ ಇಲ್ಲ, ಕಾಂಪೌಂಡ್ ಇಲ್ಲ. ನೋಡಕ್ಕೆ ಚೆಂದ ಇರೋದನ್ನಷ್ಟೇ ಮಾಡೆಲ್ ಮಾಡಿರ್ತೀವಿ, ಮಣ್ಣೊಳಗೆ ಹೋಗೋದು ಯಾರ ಕಣ್ಣಿಗೂ ಬೀಳಲ್ಲ. ಚಿಕ್ಕಮಗ್ಳೂರು ಹತ್ರ ಒಂದು ಇಳಿಜಾರು ಸೈಟಲ್ಲಿ ಹೀಗೇ ಆಯ್ತು. ಮಾಡೆಲ್‌ನಲ್ಲಿ ನೆಲ ಸಪಾಟು, ಸುತ್ತ 2 ಅಡಿ ಪಾಯ ಅಂತ ಬರೆದಿದ್ರು. ಅಲ್ಲಿ ನೋಡಿದ್ರೆ ಮುಂದೆ 2 ಅಡಿ, 40 ಅಡಿ ಹಿಂದಕ್ಕೆ ಹೋಗೋ ಹೊತ್ತಿಗೆ 7 ಅಡಿ. ಸರಾಸರಿ ನಾಲ್ಕೂವರೆ ಅಡಿ ಎತ್ತರ, ಅಂದ್ರೆ ನೆಲದಿಂದ ಮೇಲಿನ ಸೈಜ್ ಕಲ್ಲಿನ ಕೆಲ್ಸ ಎರಡು ಪಟ್ಟಿಗಿಂತ ಜಾಸ್ತಿ, ಒಳಗೆ ತುಂಬಕ್ಕೆ ಮಣ್ಣು ಬೇರೆ. ಆ ಮನೆಯ ಅಜ್ಜಿ ಶೆಡ್ಡಿನ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಒಂದೊಂದು ಲೋಡಿಗೆ ಒಂದೊಂದು ಗೆರೆ ಎಳೀತಿದ್ರು, ಐದು ಗೆರೆಗೆ ಒಂದು ಅಡ್ಡಗೆರೆ. ನಾನು ಹೋದಾಗ ಗೆರೆ ತಗಡಿನ ಅಂಚು ದಾಟಿ ಪಕ್ಕದ ತಗಡಿಗೆ ಹೋಗಿತ್ತು, ಅಜ್ಜಿ ನನ್ನ ಕೈ ಹಿಡ್ಕೊಂಡು ಅಮ್ಮಾ ಇನ್ನೂ ಎಷ್ಟು ಬೇಕಾಗತ್ತೆ ಅಂತ ಕೇಳಿದ್ರು. ಲೋನಿನ ಮೊದಲ ಕಂತು ಪೂರ್ತಿ ಪಾಯಕ್ಕೇ ಮುಗಿದಿತ್ತು. ಅವತ್ತಿಂದ ಯಾರೇ ಮಾಡೆಲ್ ತೋರಿಸಿದ್ರೂ ನಾನು ಮೊದ್ಲು ಕೇಳೋದು ಸೈಟಿನ ನಾಲ್ಕು ಮೂಲೆ ಲೆವೆಲ್ ತೆಗ್ದಿದೀರಾ ಅಂತ. ಮೇಸ್ತ್ರಿಗಳ ಹತ್ರ ನೀರು ತುಂಬಿದ ಲೆವೆಲ್ ಪೈಪ್ ಇರತ್ತೆ, ಅರ್ಧ ಗಂಟೆ ಕೆಲ್ಸ, ನಿಮ್ಮ ಸೈಟಲ್ಲೂ ನಾಳೆನೇ ಮಾಡಿಸಿ.

ಪ್ರಶ್ನೆ: ಅಕ್ಕ, ನಮ್ದು ಸಕಲೇಶಪುರ ಹತ್ರ ತೋಟದ ಮನೆ, 36 ಗೆ 28 ಅಡಿ, ಹಂಚು ಹಾಕಿಸ್ಬೇಕು. ಸಾಫ್ಟ್‌ವೇರಲ್ಲಿ ಮೇಲಿಂದ ನೋಡೋ ಪ್ಲಾನ್‌ನಲ್ಲಿ 1008 ಚದರಡಿ ತೋರಿಸ್ತು, ಆ ಲೆಕ್ಕಕ್ಕೆ 1400 ಹಂಚು ಆರ್ಡರ್ ಮಾಡ್ಬಹುದಾ?
ಓದುಗರು, ಸಕಲೇಶಪುರ

ಉತ್ತರ: ಬೇಡಮ್ಮ, ದಯವಿಟ್ಟು ತಡೀರಿ. ಮೇಲಿಂದ ನೋಡಿದ್ರೆ ಕಾಣೋದು ಮಾಡಿನ ನೆರಳು, ಮಾಡು ಅಲ್ಲ. ಇಳಿಜಾರು ಜಾಸ್ತಿ ಆದಷ್ಟೂ ಮಾಡು ಉದ್ದ ಆಗತ್ತೆ, ನೆರಳು ಅಷ್ಟೇ ಇರತ್ತೆ. ನಿಮ್ಮ ಕಡೆ ಮಳೆಗೆ ಅಡಿಗೆ 7 ಇಂಚು ಏರಿಕೆ ಇಟ್ರೆ ಅದು ಸುಮಾರು 30 ಡಿಗ್ರಿ, ಆಗ ಪ್ಲಾನ್ ಅಳತೆನ 1.155 ರಿಂದ ಗುಣಿಸ್ಬೇಕು. ಎರಡು ಕಡೆ ಇಳಿಜಾರಾಗ್ಲಿ ನಾಲ್ಕು ಕಡೆ ಇಳಿಜಾರಾಗ್ಲಿ, ಎಲ್ಲಾ ಕಡೆ ಒಂದೇ ಏರಿಕೆ ಇದ್ರೆ ಗುಣಿಸೋ ಅಂಕಿ ಅದೇ. ನಾಲ್ಕು ಕಡೆ ಆದ್ರೆ ಮೂಲೇಲಿ ಹಂಚು ಕತ್ತರಿಸೋದು ಜಾಸ್ತಿ, ರಿಡ್ಜ್ ಹಂಚೂ ಜಾಸ್ತಿ ಬೇಕು ಅಷ್ಟೇ.

ಅದಕ್ಕಿಂತ ಮೊದ್ಲು, ಗೋಡೆಯಿಂದ ಆಚೆ ಮಾಡು ಎಷ್ಟು ಚಾಚತ್ತೆ ಅಂತ ಹೇಳಿಲ್ಲ. 1008 ಅನ್ನೋದು ಬರೀ ಗೋಡೆ ಲೆಕ್ಕ. ಸಕಲೇಶಪುರದಲ್ಲಿ ಎರಡೂವರೆ ಅಡಿನಾದ್ರೂ ಚಾಚಿಸ್ದೆ ಇದ್ರೆ ಇರಚಲು ನೇರ ಗೋಡೆಗೇ ಹೊಡೆದು ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆ ಒಣಗೋದೇ ಇಲ್ಲ. ಸುತ್ತ ಎರಡೂವರೆ ಅಡಿ ಸೇರಿಸಿದ್ರೆ 41 ಗೆ 33, 1353 ಚದರಡಿ, ಅದನ್ನ 1.155 ರಿಂದ ಗುಣಿಸಿದ್ರೆ 1563. ಮಂಗಳೂರು ಹಂಚು ಒಂದು ಚದರ ಮೀಟರಿಗೆ ಸುಮಾರು 15 ಬೀಳತ್ತೆ, ನಿಮ್ಮ ಮಾಡು 145 ಚದರ ಮೀಟರ್, 2180 ಹಂಚು, ಘಾಟಿ ಹತ್ತಿ ಬರೋ ಅಷ್ಟರಲ್ಲಿ ಒಡೆಯೋದು ಸೇರಿ 2300 ತರಿಸಿ. ಹಂಚಿನ ಅಳತೆ ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ ಇರತ್ತೆ, ಹಾಗಾಗಿ ಹತ್ತು ಹಂಚು ತಂದು ನಿಮ್ಮ ರೀಪಿನ ಮೇಲೆ ಜೋಡಿಸಿ ಅಳೆದು ನೋಡಿ. ಮಂಗಳೂರಲ್ಲಿ ಬಾಸೆಲ್ ಮಿಷನ್‌ನವ್ರು 1865 ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು, ನಿಮ್ಮ ಕಡೆ ಹಳೇ ಮನೆಗಳ ಮೇಲೆ ಅಂಥ ಹಳೇ ಹಂಚು ಇನ್ನೂ ಗಟ್ಟಿಯಾಗಿ ಕೂತಿರೋದು ನೋಡಿದೀನಿ. ಹಳೇ ಮನೆ ಬಿಚ್ಚೋರ ಹತ್ರ ಸಿಕ್ಕಿದ್ರೆ ಬೆರಳಲ್ಲಿ ತಟ್ಟಿ ನೋಡಿ, ಟಣ್ ಅಂತ ಶಬ್ದ ಬಂದ್ರೆ ಧೈರ್ಯವಾಗಿ ತಗೊಳ್ಳಿ, ಆದ್ರೆ ಒಂದೇ ಅಳತೇದು ಒಂದು ಪಕ್ಕಕ್ಕೆ ಪೂರ್ತಿ ಆಗೋಷ್ಟು ಇರ್ಬೇಕು, ಬೇರೆ ಬೇರೆ ಸೇರಿಸಿದ್ರೆ ಕಚ್ಚು ಕೂರಲ್ಲ.

ಪ್ರಶ್ನೆ: ಮಾಡೆಲ್‌ನಲ್ಲಿ ಕಂಬಿ ಲೆಕ್ಕ ಎಲ್ಲೂ ಬರ್ತಿಲ್ಲ ಮೇಡಂ. ಕಾಂಕ್ರೀಟ್ ವಾಲ್ಯೂಮ್‌ನಿಂದ ಕಂಬಿ ತೂಕ ಕಂಡುಹಿಡಿಯೋ ಫಾರ್ಮುಲಾ ಇದ್ರೆ ಕೊಡಿ.
ಓದುಗರು, ಚಿಕ್ಕಮಗ್ಳೂರು

ಉತ್ತರ: ಅಂದಾಜಿಗೆ ಫಾರ್ಮುಲಾ ಇದೆ, ಆದ್ರೆ ಕೊಟ್ರೆ ನೀವು ಅದನ್ನೇ ನಂಬ್ಕೊಂಡು ಕಂಬಿ ತರಿಸಿಬಿಡ್ತೀರ, ಅದಕ್ಕೇ ಕೊಡಲ್ಲ. ಮನೆ ಡಿಸೈನ್ ಸಾಫ್ಟ್‌ವೇರಿಗೆ ಮೋಲ್ಡ್ ಅಂದ್ರೆ ಒಂದು ಬೂದು ಬಣ್ಣದ ಹಲಗೆ, ಅದ್ರ ಮೇಲೆ ಎಷ್ಟು ಭಾರ ಬರತ್ತೆ, ಕಂಬದಿಂದ ಕಂಬಕ್ಕೆ ಎಷ್ಟು ದೂರ, ಅದೇನೂ ಅದಕ್ಕೆ ಗೊತ್ತಿಲ್ಲ. 10 ಅಡಿ ರೂಮಿನ ಮೋಲ್ಡಿಗೂ 16 ಅಡಿ ಹಾಲಿನ ಮೋಲ್ಡಿಗೂ ದಪ್ಪ ಒಂದೇ ಬರೆದಿದ್ರೂ ಒಳಗಿನ ಕಂಬಿ ಒಂದೇ ಅಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಹತ್ರ ಬಾರ್ ಬೆಂಡಿಂಗ್ ಶೆಡ್ಯೂಲ್ ಕೇಳಿ ತಗೊಳ್ಳಿ, ಪ್ರತಿ ಕಂಬಿಯ ದಪ್ಪ, ಉದ್ದ, ಬಗ್ಗಿಸೋದು, ಎಷ್ಟು ಸಂಖ್ಯೆ ಎಲ್ಲಾ ಅದ್ರಲ್ಲಿ ಇರತ್ತೆ. ಅದಕ್ಕೆ ಕೊಡೋ ದುಡ್ಡು ದಂಡ ಅಂತ ಅಂದ್ಕೋಬೇಡಿ, ಮಕ್ಕಳು ಮಲಗೋ ಮೋಲ್ಡ್ ಅದು.

ಆ ಶೆಡ್ಯೂಲ್ ಕೈಗೆ ಬಂದ ಮೇಲೆ ತೂಕದ ಲೆಕ್ಕ ನೀವೇ ಹಾಕ್ಬಹುದು. ಕಂಬಿಯ ದಪ್ಪ ಮಿಲಿಮೀಟರಲ್ಲಿ ತಗೊಂಡು ಅದನ್ನ ಅದ್ರಿಂದಲೇ ಗುಣಿಸಿ 162 ರಿಂದ ಭಾಗಿಸಿ, ಒಂದು ಮೀಟರಿಗೆ ಎಷ್ಟು ಕೆಜಿ ಅಂತ ಬರತ್ತೆ. 12 ಎಂಎಂ ಆದ್ರೆ 144 ಭಾಗಿಸು 162, 0.89 ಕೆಜಿ, 12 ಮೀಟರ್ ಉದ್ದದ ಒಂದು ಕಂಬಿ 10.7 ಕೆಜಿ. 8 ಎಂಎಂ ಕಂಬಿ 4.7, 10 ಎಂಎಂ 7.4, 16 ಎಂಎಂ ಹತ್ರಹತ್ರ 19 ಕೆಜಿ. ಇದಕ್ಕಿಂತ ಸ್ವಲ್ಪ ಹೆಚ್ಚುಕಮ್ಮಿ ಬಂದ್ರೆ ಗಾಬರಿ ಬೇಡ, ಐಎಸ್ 1786 ಅನ್ನೋ ಕಂಬಿಯ ಗುಣಮಟ್ಟದ ನಿಯಮದ ಪ್ರಕಾರ 10 ಎಂಎಂ ತನಕ ನೂರಕ್ಕೆ 7, ಅದಕ್ಕೆ ಮೇಲೆ 16 ಎಂಎಂ ತನಕ ನೂರಕ್ಕೆ 5 ವ್ಯತ್ಯಾಸಕ್ಕೆ ಅವಕಾಶ ಇದೆ. ಆದ್ರೆ ಅಂಗಡಿಯವ್ರು ಕಂಬಿ ಎಣಿಸಿ ಲೆಕ್ಕದ ತೂಕಕ್ಕೆ ದುಡ್ಡು ತಗೋತಾರಾ, ಇಲ್ಲ ಕಾಟಾ ಹಾಕಿ ತಗೋತಾರಾ ಅಂತ ಮೊದ್ಲೇ ಕೇಳ್ಕೊಳ್ಳಿ, ಕಾಟಾ ಹಾಕಿಸೋದೇ ಒಳ್ಳೇದು.

ಪ್ರಶ್ನೆ: ದುಡ್ಡು ಕೊಡದೇ ಸಿಗೋ ಸಾಫ್ಟ್‌ವೇರ್ ಯಾವುದು ಮೇಡಂ, ಅದ್ರಲ್ಲೇ ಎಸ್ಟಿಮೇಟ್ ಬರತ್ತಾ?
ಓದುಗರು, ಬೇಲೂರು

ಉತ್ತರ: ಸ್ವೀಟ್ ಹೋಮ್ 3ಡಿ ಅಂತ ಇದೆ, ಫ್ರೀ, ಹಳೇ ಕಂಪ್ಯೂಟರಲ್ಲೂ ಓಡತ್ತೆ, ಕಲಿಯಕ್ಕೆ ಒಂದು ಭಾನುವಾರ ಸಾಕು. ಬಾಗ್ಲು ಕಿಟಕಿ ಫರ್ನಿಚರ್ ಪಟ್ಟಿ ಅಳತೆ ಸಮೇತ ಬರತ್ತೆ, ರೂಮಿನ ಚದರಡಿ ಬರತ್ತೆ, ಟೈಲ್ಸ್ ಲೆಕ್ಕಕ್ಕೆ ಅದು ಬೇಕಾದಷ್ಟಾಯ್ತು. ಸಿಮೆಂಟ್ ಕಂಬಿ ಎಸ್ಟಿಮೇಟ್ ಬರಲ್ಲ. ಒಂದೇ ಎಚ್ಚರಿಕೆ, ಗೋಡೆ ಎಳೆಯೋ ಮುಂಚೆ ದಪ್ಪ ನೀವೇ ಹಾಕ್ಕೊಳ್ಳಿ, ಅದು ತಾನಾಗೇ ಕೊಡೋ ದಪ್ಪ ನಮ್ಮ 6 ಇಂಚು ಬ್ಲಾಕಿಗಿಂತ ತುಂಬಾ ತೆಳು. ಹಾಗೇ ಬಿಟ್ರೆ ರೂಮೆಲ್ಲಾ ದೊಡ್ಡದಾಗಿ ಕಾಣತ್ತೆ, ಕಟ್ಟಿದ ಮೇಲೆ ಮಂಚ ಹಾಕಿದ್ರೆ ಬೀರು ಬಾಗ್ಲು ತೆಗೆಯಕ್ಕೆ ಜಾಗ ಇರಲ್ಲ.

ಪ್ರಶ್ನೆ: ಪ್ಲಾಸ್ಟರಿಂಗ್ ಬಿಲ್‌ನಲ್ಲಿ ಕಂಟ್ರಾಕ್ಟರ್ ಕಿಟಕಿ ಬಾಗ್ಲು ಜಾಗವನ್ನ ಒಂದೇ ಕಡೆ ಕಳೆದಿದಾರೆ. ನಮ್ಮ ಮಾಡೆಲ್‌ನಲ್ಲಿ ಒಳಗೆ ಹೊರಗೆ ಎರಡೂ ಕಡೆ ಕಳೆದು ಬರತ್ತೆ. ಇಲ್ಲದ ಗೋಡೆಗೆ ನಾವ್ಯಾಕೆ ದುಡ್ಡು ಕೊಡ್ಬೇಕು?
ಓದುಗರು, ಕಡೂರು

ಉತ್ತರ: ಕೇಳಿದ್ರೆ ನ್ಯಾಯ ಅನ್ಸತ್ತೆ, ಆದ್ರೆ ಕಂಟ್ರಾಕ್ಟರ್ ಮಾಡಿರೋದು ಐಎಸ್ 1200 ಅನ್ನೋ ಅಳತೆ ನಿಯಮದ ಪ್ರಕಾರ. ಅರ್ಧ ಚದರ ಮೀಟರ್ ತನಕದ ಚಿಕ್ಕ ವೆಂಟಿಲೇಟರಿಗೆ ಏನೂ ಕಳೆಯಲ್ಲ. ಅರ್ಧದಿಂದ 3 ಚದರ ಮೀಟರ್ ತನಕ, ಎರಡೂ ಕಡೆ ಒಂದೇ ಥರದ ಪ್ಲಾಸ್ಟರ್ ಇದ್ರೆ ಒಂದು ಕಡೆ ಕಳೀತಾರೆ, ನಿಮ್ಮ 5 ಗೆ 4 ಅಡಿ ಕಿಟಕಿ 1.86 ಚದರ ಮೀಟರ್, 3 ಗೆ 7 ಅಡಿ ಬಾಗ್ಲು 1.95, ಎರಡೂ ಇದ್ರೊಳಗೇ ಬಂತು. 3 ಕ್ಕಿಂತ ದೊಡ್ಡದಾದ್ರೆ ಎರಡೂ ಕಡೆ ಕಳೆದು, ಅಂಚುಗಳನ್ನ ಬೇರೆಯಾಗಿ ಅಳೆದು ಸೇರಿಸ್ತಾರೆ.

ಇದಕ್ಕೆ ಕಾರಣ ಕಿಟಕಿ ಹತ್ರ ನಿಂತು ನೋಡಿದ್ರೇ ಗೊತ್ತಾಗತ್ತೆ. ಗೋಡೆಯ ದಪ್ಪದಲ್ಲಿ ಪಕ್ಕ ಎರಡು, ಮೇಲೊಂದು, ಕೆಳಗೊಂದು, ನಾಲ್ಕು ಪಟ್ಟಿಗೂ ಗಾರೆ ಹಾಕ್ಬೇಕು, ನೂಲು ಹಿಡಿದು ಮೂಲೆ ತೀಡ್ಬೇಕು. ಸಪಾಟು ಗೋಡೆ ಹತ್ತಡಿ ಮುಗಿಸೋ ಹೊತ್ತಲ್ಲಿ ಒಂದು ಕಿಟಕಿ ಅಂಚು ಮುಗಿಯಲ್ಲ. ಮಾಡೆಲ್ ತೂತನ್ನ ಕಳೀತು, ಆ ಅಂಚುಗಳನ್ನ ನೀವು ಕೂಡಿಸ್ಲಿಲ್ಲ. ಆದ್ರೆ ಸಾಮಾನು ತರಿಸಕ್ಕೆ ನಿಮ್ಮ ಮಾಡೆಲ್ ಲೆಕ್ಕಕ್ಕೆ ಅಂಚು ಸೇರಿಸಿದ್ರೆ ಅದೇ ಹೆಚ್ಚು ಸರಿ, ಬಿಲ್ಲಿಗೆ ಮಾತ್ರ ಈ ನಿಯಮ. ಮುಂದಿನ ಕೆಲ್ಸಕ್ಕಾದ್ರೂ ಅಗ್ರಿಮೆಂಟಲ್ಲೇ ಯಾವ ಅಳತೆ ಅಂತ ಬರೆಸ್ಕೊಳ್ಳಿ.

ಪ್ರಶ್ನೆ: ಮಾಡೆಲ್ ಲೆಕ್ಕ ಸರಿ ಮಾಡಿ 400 ಘನ ಅಡಿ ಮರಳು ಅಂತ ತರಿಸಿದ್ವಿ, ಎರಡು ಲೋಡ್ ಬಂತು, ಆದ್ರೂ ಕಮ್ಮಿ ಬಿತ್ತು. ಏನಾಗಿರ್ಬಹುದು?
ಓದುಗರು, ಅರಸೀಕೆರೆ

ಉತ್ತರ: ಲೋಡ್ ಅನ್ನೋದು ಅಳತೆ ಅಲ್ಲ. ಟಿಪ್ಪರ್ ಬಂದು ನಿಂತಾಗ ಸುರಿಯಕ್ಕೆ ಮುಂಚೆ ಟೇಪ್ ಹಿಡಿದು ಮೇಲೆ ಹತ್ತಿಸಿ, ಬಾಡಿಯ ಒಳಗಿನ ಉದ್ದ, ಒಳಗಿನ ಅಗಲ ಅಳೀರಿ, ಹೊರಗಿಂದ ಅಳೆದ್ರೆ ತಗಡಿನ ದಪ್ಪ ಪಟ್ಟಿ ಎಲ್ಲಾ ಸೇರತ್ತೆ. ಮರಳಿನ ಆಳಕ್ಕೆ ಒಂದು ತೆಳು ಕಂಬಿನ ನಾಲ್ಕು ಮೂಲೆ ಮತ್ತೆ ಮಧ್ಯ ಚುಚ್ಚಿ, ಐದರ ಸರಾಸರಿ ತಗೊಳ್ಳಿ, ಯಾಕಂದ್ರೆ ಮಧ್ಯ ಗುಡ್ಡೆ ಇದ್ರೂ ಮೂಲೇಲಿ ಖಾಲಿ ಇರತ್ತೆ. 12 ಗೆ 7 ಅಡಿ, ಆಳ ಎರಡೂವರೆ ಅಡಿ ಅಂದ್ರೆ 210 ಘನ ಅಡಿ. ಆಳ 2 ಅಡಿ ಮಾತ್ರ ಇದ್ರೆ 168, ಒಂದೇ ಲೋಡಲ್ಲಿ 42 ಅಡಿ ಹೋಯ್ತು.

ಇನ್ನೊಂದು ಕಾರಣ ನೀರು. ಒದ್ದೆ ಮರಳು ಉಬ್ಬತ್ತೆ, ಕಣದ ಸುತ್ತ ನೀರಿನ ಪದರ ಕೂತು ಒಂದನ್ನೊಂದು ದೂರ ತಳ್ಳತ್ತೆ, ನೂರಕ್ಕೆ 20 ರಿಂದ 25 ರಷ್ಟು ಜಾಸ್ತಿ ಜಾಗ ತಗೋಬಹುದು. ಮನೇಲೇ ನೋಡ್ಬಹುದು, ಒಂದು ಗಾಜಿನ ಲೋಟದಲ್ಲಿ ಅದೇ ಒದ್ದೆ ಮರಳನ್ನ ಸಡಿಲವಾಗಿ ಮುಕ್ಕಾಲು ತುಂಬಿ ಗುರುತು ಹಾಕಿ, ಆಮೇಲೆ ಮೇಲಕ್ಕೆ ಬರೋ ತನಕ ನೀರು ಹಾಕಿ ಚೆನ್ನಾಗಿ ಕಲಕಿ ಬಿಡಿ. ಮರಳು ಪೂರ್ತಿ ಮುಳುಗಿದಾಗ ಉಬ್ಬು ಇಳಿದು ಗುರುತಿಂದ ಕೆಳಗೆ ಕೂರತ್ತೆ. ಎಷ್ಟು ಇಳೀತೋ ಅಷ್ಟು ನೀವು ಮರಳಿನ ರೇಟಲ್ಲಿ ಗಾಳಿ ಕೊಂಡ್ಕೊಂಡಿದೀರಿ. ಮುಂದಿನ ಲೋಡ್ ಇಳಿಸೋ ಮುಂಚೆ ಈ ಲೋಟದ ಪರೀಕ್ಷೆ ಡ್ರೈವರ್ ಎದುರೇ ಮಾಡಿ, ಅಳತೆಯಿಂದ ಅಷ್ಟು ಕಳೆದು ದುಡ್ಡು ಕೊಡ್ತೀವಿ ಅಂತ ಆರ್ಡರ್ ಕೊಡುವಾಗಲೇ ಹೇಳಿಬಿಡಿ.